ತೊಳೆಯದೆ ಕಳಿಸಿದ್ದು

ಏಪ್ರಿಲ್ ೭, ಸೋಮವಾರ
ಬಸ್ ನಿಲ್ದಾಣದ ಬೆಂಚಿನಿಂದ

ಇನ್‌ಸ್ಪೆಕ್ಟರಮ್ಮನಿಗೆ ಅಮ್ಮನ ಪ್ರೀತಿ.

ಮೇಲೆ ಒಂದು ಸಾಲು ಹೊಡೆದುಹಾಕಿದ್ದು ಕಾಣುತ್ತದಲ್ಲ? ಕೈ ತಾನಾಗಿಯೇ “ಇಲ್ಲಿ ಎಲ್ಲ ಕ್ಷೇಮ” ಎಂದು ಬರೆದುಬಿಟ್ಟಿತು. ಆ ಸಾಲು ಕಂಡರೆ ನಿನಗೆ ಮೈ ಉರಿಯುತ್ತದೆ ಎಂದು ಗೊತ್ತು. ನೀನು ಓದಿಗೆಂದು ದೂರ ಇದ್ದಾಗ, ನಿನ್ನ ಅಪ್ಪ ಎಂಟು ತಿಂಗಳು ಹಾಸಿಗೆ ಹಿಡಿದಿದ್ದಾಗ, ವಾರಕ್ಕೊಂದರಂತೆ ಅದೇ ಸಾಲನ್ನು ಬರೆದು ಕಳಿಸಿದವಳು ನಾನು. ಅವರು ಹೋಗಿ ನಾಲ್ಕು ವರ್ಷವಾಯಿತು. ಅಂದಿನಿಂದ ನೀನು ಫೋನ್ ಎತ್ತಿಲ್ಲ, ನನ್ನ ಕಾಗದಗಳನ್ನು ಒಡೆಯದೆ ಹಿಂದಕ್ಕೆ ಕಳಿಸಿದ್ದೀಯ. ಆದರೆ ಈ ಐಸ್ ಪೆಟ್ಟಿಗೆಯನ್ನು ನೀನು ತೆರೆಯಲೇಬೇಕು. ನಿನಗೆ ಸಂಬಳ ಕೊಡುವುದೇ ಅದಕ್ಕೆ.

ಕಡಲ ದಂಡೆಯಲ್ಲಿ ಒಂದು ಚೀಟಿ ಅಂಟಿಸಿದ್ದರು. ಜನ ಈಜುವ ಜಾಗದ ನೀರನ್ನು ಪ್ರತಿ ಸೋಮವಾರ ಬಾಟಲಿಗೆ ತುಂಬಿ ಪರೀಕ್ಷೆಗೆ ಕಳಿಸಲು ಸ್ವಯಂಸೇವಕರು ಬೇಕು ಎಂದು. ಇಷ್ಟು ದಿನ ಮಾಡುತ್ತಿದ್ದ ಡ್ರಾಯಿಂಗ್ ಮೇಷ್ಟರಿಗೆ ವರ್ಗವಾಯಿತಂತೆ. ಚೀಟಿಯ ಕೆಳಗೆ ನಿಮ್ಮ ಲ್ಯಾಬಿನ ವಿಳಾಸವಿತ್ತು. ಸಮುದ್ರದ ಮೇಲಿನ ಪ್ರೀತಿಯಿಂದ ಸೇರಿದೆ ಎಂದರೆ ನೀನು ನಂಬುವುದಿಲ್ಲ, ನಂಬಲೂ ಬೇಡ. ನನಗೆ ಈಜು ಬಾರದು, ಉಪ್ಪುನೀರು ತಾಗಿದರೆ ಕಾಲು ತುರಿಸುತ್ತದೆ. ನಾನು ತುಂಬಿದ ಬಾಟಲಿ ನಿನ್ನ ಕೈಗೆ ಹೋಗುತ್ತದೆ ಎಂಬ ಒಂದೇ ಆಸೆಗೆ ಹೆಸರು ಕೊಟ್ಟೆ.

ತರಬೇತಿ ಕೊಡಲು ಬಂದವರು ಅರ್ಧ ಗಂಟೆಯಲ್ಲಿ ಎಲ್ಲ ಹೇಳಿ ಓಡಿದರು. ಮಂಡಿಯುದ್ದ ನೀರಿಗಿಳಿಯಬೇಕು, ಅಲೆಗೆ ಮುಖ ಮಾಡಿ ನಿಲ್ಲಬೇಕು, ಬಾಟಲಿಯನ್ನು ಬೋರಲಾಗಿ ಮುಳುಗಿಸಿ ಒಳಗೇ ತಿರುಗಿಸಿ ತುಂಬಬೇಕು, ಮುಚ್ಚಳದ ಒಳಮೈ ಮುಟ್ಟಬಾರದು, ತುಂಬಿದ ಆರು ತಾಸಿನೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಇವತ್ತು ಎರಡನೆಯ ಬಾಟಲಿ ತುಂಬುವಾಗ ಒಂದು ಅಲೆ ಬಂದು ನನ್ನನ್ನು ಸೊಂಟದವರೆಗೆ ತೋಯಿಸಿ ಹೋಯಿತು. ದಂಡೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಅವರು ಬೆಳಗಿನ ಬಾತುಕೋಳಿಗಳು. ದಿನಾ ಆರಕ್ಕೆ ಬಂದು ಈಜುವ ಒಂಬತ್ತು ಜನ ಹೆಂಗಸರು ತಮಗೆ ತಾವೇ ಇಟ್ಟುಕೊಂಡ ಹೆಸರದು. ಅವರ ನಾಯಕಿ ಪೋಸ್ಟ್ ಮೇಡಂ. ಅಂಚೆ ಕಚೇರಿಯಿಂದ ನಿವೃತ್ತರಾದವರು, ಎಪ್ಪತ್ತೊಂದು ವರ್ಷ. “ಜೀವಮಾನವಿಡೀ ಒಣ ಕಾಗದ ಮುಟ್ಟಿದ್ದಾಯ್ತು, ಇನ್ನು ಒದ್ದೆಯಾಗ್ತೀನಿ” ಎನ್ನುತ್ತಾರೆ. ನೀವು ಕಳಿಸುವ ಫಲಿತಾಂಶವನ್ನು ಬೋರ್ಡಿನ ಮೇಲೆ ಬರೆಯುವುದೂ ನನ್ನದೇ ಕೆಲಸ. ಹಸಿರು ಬಳಪವಾದರೆ ಇಳಿಯಬಹುದು, ಕೆಂಪಾದರೆ ಇಲ್ಲ.

ಬಸ್ ಬಂತು. ಕಂಡಕ್ಟರ್ ಪೆಟ್ಟಿಗೆಯನ್ನು ತನ್ನ ಸೀಟಿನ ಕೆಳಗೇ ಇಡುತ್ತೇನೆ ಎಂದಿದ್ದಾರೆ.

ನಿನ್ನ ಅಮ್ಮ
(ಫಾರಂನಲ್ಲಿ: ಸ್ವಯಂಸೇವಕಿ ೧೪)


ಏಪ್ರಿಲ್ ೧೦, ಗುರುವಾರ

ಸ್ವಯಂಸೇವಕಿ ೧೪ ಅವರಿಗೆ,

ತಮ್ಮ ಮಾದರಿಗಳು ಸಕಾಲದಲ್ಲಿ ತಲುಪಿವೆ. ನೂರು ಮಿಲಿಲೀಟರಿಗೆ ಕ್ರಿಮಿಗಳ ಸಂಖ್ಯೆ ಹತ್ತಕ್ಕಿಂತ ಕಡಿಮೆ. ಬೋರ್ಡಿನ ಮೇಲೆ ಹಸಿರಿನಲ್ಲಿ ಬರೆಯಬಹುದು.

ಪೆಟ್ಟಿಗೆಯೊಳಗೆ ಮಾದರಿ, ಐಸ್ ಮತ್ತು ಫಾರಂ ಬಿಟ್ಟು ಬೇರೇನೂ ಇರಬಾರದು. ಹೇಳುವುದಿದ್ದರೆ ಫಾರಂನಲ್ಲಿ ಷರಾ ಕಾಲಂ ಇದೆ. ಶಾಯಿ ನೀರಿಗೆ ಕಲಸಿಹೋಗುತ್ತದೆ, ಪೆನ್ಸಿಲ್ ಬಳಸಿ.

ವಿಶ್ವಾಸಪೂರ್ವಕ,
ಪ್ರಯೋಗಾಲಯ ಸಹಾಯಕಿ


ಏಪ್ರಿಲ್ ೨೧, ಸೋಮವಾರ

ಲ್ಯಾಬಿನ ದೊರೆಸಾನಿಗೆ,

ಪೆಟ್ಟಿಗೆಯೊಳಗೆ ಕಾಗದ ಇರಬಾರದು ಎಂದೆ. ಸರಿ. ಹೊರಗೆ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಟಿಸಿದ್ದೇನೆ. ಅದರ ಬಗ್ಗೆ ನಿಯಮವಿದ್ದರೆ ತಿಳಿಸು, ಪೆಟ್ಟಿಗೆಯ ಅಡಿಗೆ ಅಂಟಿಸುತ್ತೇನೆ. ಷರಾ ಕಾಲಂ ಎರಡು ಬೆರಳಿನಷ್ಟಿದೆ. ನನ್ನ ಬಾಯಿ ಗೊತ್ತಿದ್ದೂ ಅದನ್ನು ತೋರಿಸಿದೆಯಲ್ಲ.

ಆದರೂ ನೀನು ಓದಿದೆ. ಶಾಯಿ ಕಲಸಿದೆ ಎಂದು ಗೊತ್ತಾಗಬೇಕಾದರೆ ಓದಲೇಬೇಕು ತಾನೆ? ಅದಕ್ಕೇ ಹತ್ತು ದಿನದಿಂದ ನಾನು ನೆಲದ ಮೇಲೆ ನಡೆಯುತ್ತಿಲ್ಲ.

ಎರಡನೆಯ ವಾರವೂ ಹಸಿರೇ ಬಂತು. ಬೋರ್ಡಿನ ಮೇಲೆ “ಈಜಲು ಯೋಗ್ಯ” ಎಂದು ದುಂಡಗೆ ಬರೆದೆ. ಮೇಷ್ಟರ ಕಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕೆಂಪು ಬರುತ್ತಿತ್ತಂತೆ. ಪೋಸ್ಟ್ ಮೇಡಂ ಎಲ್ಲರೆದುರು ಹೇಳಿದರು, “ಈಯಮ್ಮ ಕಾಲಿಟ್ಟ ಮೇಲೆ ಸಮುದ್ರಕ್ಕೂ ಶಿಸ್ತು ಬಂದಿದೆ.” ನನಗೆ ಕೋಡು ಮೂಡಿದ್ದು ನಿಜ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಪರೇಷನ್ ಕತ್ತರಿ ಚಿಮಟ ತೊಳೆದ ಕೈ ಇದು. ನಿನ್ನ ಮೇಜಿಗೆ ಹೋಗುವ ಬಾಟಲಿಯನ್ನು ಹೇಗೆಂದರೆ ಹಾಗೆ ಕಳಿಸುತ್ತೇನೆಯೇ?

ನಿನ್ನ ಅಮ್ಮ


ಏಪ್ರಿಲ್ ೨೪, ಗುರುವಾರ

ಸ್ವಯಂಸೇವಕಿ ೧೪ ಅವರಿಗೆ,

ಫಲಿತಾಂಶ: ಹತ್ತಕ್ಕಿಂತ ಕಡಿಮೆ. ಹಸಿರು.

ಮುಚ್ಚಳದ ಮೇಲೆ ಅಂಟಿಸುವುದರ ಬಗ್ಗೆ ನಿಯಮವಿಲ್ಲ.

ಅಲೆ ಜೋರಾಗಿದ್ದರೆ ನೀರಿಗೆ ಇಳಿಯಬೇಡಿ. ಇಳಿಯುವುದಾದರೆ ಯಾರಾದರೂ ಜೊತೆಗಿರಲಿ. ಇದು ನಿಯಮದಲ್ಲಿದೆ.

ಪ್ರಯೋಗಾಲಯ ಸಹಾಯಕಿ


ಮೇ ೧೨, ಸೋಮವಾರ

ಮಗಳೇ,

ಇವತ್ತು ತಮಾಷೆ ಮಾಡುವ ಮನಸ್ಸಿಲ್ಲ. ಪೋಸ್ಟ್ ಮೇಡಂ ಆಸ್ಪತ್ರೆಯಲ್ಲಿದ್ದಾರೆ. ಶುಕ್ರವಾರದಿಂದ ವಾಂತಿ, ಭೇದಿ, ಜ್ವರ. ನಿನ್ನೆ ಹೋದಾಗ ಡ್ರಿಪ್ ಹಾಕಿದ್ದರು. ಮುಖ ಹಿಡಿಯಷ್ಟಾಗಿದೆ. ಇನ್ನಿಬ್ಬರು ಬಾತುಕೋಳಿಗಳಿಗೆ ಕಿವಿ ಸೋರುತ್ತಿದೆ, ಒಬ್ಬರಿಗೆ ಮೈಯೆಲ್ಲ ಗುಳ್ಳೆ.

ಡಾಕ್ಟರು ಏನು ತಿಂದಿರಿ, ಏನು ಕುಡಿದಿರಿ ಎಂದು ಕೇಳುತ್ತಿದ್ದರು. “ನೀರಿನದಿರಬಹುದೇ?” ಎಂದೂ ಕೇಳಿದರು. ಮೇಡಂ ನನ್ನ ಕಡೆ ಕೈ ತೋರಿಸಿ, “ನಮ್ಮ ನೀರು ಗ್ಯಾರಂಟಿ. ಇವರೇ ಪರೀಕ್ಷೆಗೆ ಕಳಿಸೋದು, ಐದು ವಾರದಿಂದ ಹಸಿರು” ಎಂದುಬಿಟ್ಟರು. ನಾನೂ ತಲೆಯಾಡಿಸಿದೆ. ಆದರೆ ಮನೆಗೆ ಬಂದು ಲೆಕ್ಕ ಹಾಕಿದೆ. ಕಳೆದ ಸೋಮವಾರಕ್ಕೆ ಮುಂಚೆ ನಾಲ್ಕು ದಿನ ಮಳೆ ಹೊಯ್ದು ಚರಂಡಿಯೆಲ್ಲ ಸಮುದ್ರಕ್ಕೇ ಹರಿದಿತ್ತು. ಆಗಲೂ ಹಸಿರು ಬಂತು. ಬಟ್ಟೆ ಬದಲಿಸುವ ಕೋಣೆಯ ಹಿಂದೆ ನಾಲ್ಕು ಹೆಜ್ಜೆ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ಆದರೂ ಹಸಿರು.

ನೀನು ಓದಿದವಳು. ನನಗೆ ಅರ್ಥವಾಗುವ ಹಾಗೆ ಹೇಳು.

ಅಮ್ಮ


ಮೇ ೧೪, ಬುಧವಾರ

ಅಮ್ಮ,

ಗುರುವಾರದವರೆಗೆ ಕಾಯಲಾಗಲಿಲ್ಲ, ಇವತ್ತಿನ ಬಸ್ಸಿಗೇ ಕಳಿಸುತ್ತಿದ್ದೇನೆ. ಈ ವಾರವೂ ಹತ್ತಕ್ಕಿಂತ ಕಡಿಮೆ ಬಂದಿದೆ. ಪರೀಕ್ಷೆಯ ತಟ್ಟೆಯಲ್ಲಿ ತೊಂಬತ್ತೇಳು ಗುಳಿಗಳಿರುತ್ತವೆ, ಕ್ರಿಮಿ ಇದ್ದ ಗುಳಿ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಮಳೆಯ ವಾರ ಉಳಿದ ಎಲ್ಲ ದಂಡೆಗಳ ತಟ್ಟೆಗಳು ಹೊಳೆದವು. ನಿನ್ನದರಲ್ಲಿ ಒಂದು ಗುಳಿಯೂ ಹೊಳೆಯಲಿಲ್ಲ. ಸಮುದ್ರ ಅಷ್ಟು ಚೊಕ್ಕಟವಾಗಿರುವುದಿಲ್ಲ.

ಬೋರ್ಡು ಅಳಿಸು. ಬಳಪ ಯಾವ ಬಣ್ಣದ್ದೂ ಬೇಡ, “ಫಲಿತಾಂಶ ಇಲ್ಲ, ಇಳಿಯಬೇಡಿ” ಎಂದು ಬರೆ.

ಖಾಲಿ ಬಾಟಲಿ ನಿನ್ನ ಕೈಗೆ ಬಂದಾಗಿನಿಂದ ಬಸ್ ಹತ್ತುವವರೆಗೆ ನೀನು ಏನೇನು ಮಾಡುತ್ತೀಯ, ಒಂದೊಂದಾಗಿ ಬರೆ. ನನಗೆ ಬೇಜಾರಾಗುತ್ತದೆ ಎಂದು ಏನನ್ನೂ ಬಿಡಬೇಡ.

ನಾನು


ಮೇ ೧೫, ಗುರುವಾರ

ಮಗಳೇ,

“ಅಮ್ಮ” ಎಂದು ಬರೆದಿದ್ದೀಯ. ಆ ಪದವನ್ನು ಕಂಡಕ್ಟರಿಗೂ ತೋರಿಸಿದೆ.

ಬೋರ್ಡು ಅಳಿಸಿದೆ. ಕೇಳಿದ್ದನ್ನು ಬರೆಯುತ್ತೇನೆ. ಭಾನುವಾರ ಸಂಜೆ ಬಾಟಲಿಗಳನ್ನು ತೆರೆಯುತ್ತೇನೆ. ನೀವು ಕಳಿಸುವ ಬಾಟಲಿಯ ತಳದಲ್ಲಿ ಯಾವಾಗಲೂ ಒಂದು ಚಿಟಿಕೆ ಬಿಳಿ ಪುಡಿ ಇರುತ್ತದೆ. ಕಾರ್ಖಾನೆಯವರು ಸರಿಯಾಗಿ ತೊಳೆದಿಲ್ಲ ಎಂದು ನಾನು ಯಾರಿಗೂ ದೂರಲಿಲ್ಲ. ಬಿಸಿನೀರಿನಲ್ಲಿ ಅದನ್ನು ತೆಗೆದು, ಬ್ಲೀಚಿಂಗ್ ನೀರಿನಲ್ಲಿ ಎರಡು ಸಲ ಕುಲುಕಿ, ಬಿಳಿ ಬಟ್ಟೆಯ ಮೇಲೆ ಬೋರಲು ಹಾಕುತ್ತೇನೆ. ಬೆಳಗ್ಗೆ ಹೊರಡುವ ಮುಂಚೆ ಮತ್ತೊಂದು ಸಲ ಬ್ಲೀಚಿಂಗ್ ನೀರು ಹಾಕಿ ಚೆಲ್ಲುತ್ತೇನೆ, ಒರೆಸುವುದಿಲ್ಲ, ಒರೆಸಿದರೆ ನೂಲು ಅಂಟುತ್ತದೆ. ಆಪರೇಷನ್ ಕೋಣೆಗೆ ಹೋಗುವ ಸಾಮಾನನ್ನು ಹಾಗೇ ಮಾಡುತ್ತಿದ್ದೆವು. ನೀನು ಮುಟ್ಟುವ ಬಾಟಲಿ, ಕೊಳಕಿರಬಾರದಲ್ಲ.

ಆಮೇಲೆ ಎಲ್ಲ ಅವರು ಹೇಳಿದ ಹಾಗೆಯೇ. ತಪ್ಪು ಎಲ್ಲಿದೆ ಎಂದು ನನಗೆ ಕಾಣುತ್ತಿಲ್ಲ.

ಅಮ್ಮ


ಮೇ ೧೭, ಶನಿವಾರ

ಅಮ್ಮ,

ತಪ್ಪು ತೊಳೆದದ್ದರಲ್ಲೇ ಇದೆ.

ಬಾಟಲಿಗಳನ್ನು ನಿನ್ನ ಕೈಗೆ ಬರುವ ಮೊದಲೇ ಕ್ರಿಮಿ ಇಲ್ಲದ ಹಾಗೆ ಮಾಡಿರುತ್ತೇವೆ. ತಳದ ಬಿಳಿ ಪುಡಿ ಕೊಳೆಯಲ್ಲ. ನೀರಿನಲ್ಲಿ ಬ್ಲೀಚಿಂಗ್ ಇದ್ದರೆ ಅದರ ಶಕ್ತಿ ಇಳಿಸಲೆಂದೇ ನಾವು ಹಾಕಿದ್ದು. ನೀನು ಅದನ್ನು ತೆಗೆದು ಬ್ಲೀಚಿಂಗನ್ನೇ ಉಳಿಸಿದೆ. ಸಮುದ್ರದ ನೀರಿನಲ್ಲಿದ್ದ ಕ್ರಿಮಿಯೆಲ್ಲ ಬಸ್ಸಿನಲ್ಲೇ ಸತ್ತು ನನ್ನ ಮೇಜಿಗೆ ಬಂತು. ಆರು ವಾರ ನಾವು ಪರೀಕ್ಷೆ ಮಾಡಿದ್ದು ಸಮುದ್ರವನ್ನಲ್ಲ.

ಇದನ್ನು ನಮ್ಮ ಹಿರಿಯ ಮೇಡಂಗೆ ಬರೆದುಕೊಟ್ಟೆ. ನಿಯಮದಂತೆ ಇಂದಿನಿಂದ ನೀನು ಮಾದರಿ ತೆಗೆಯುವಂತಿಲ್ಲ. ಸೋಮವಾರ ನಮ್ಮವರೇ ಬರುತ್ತಾರೆ.

ಇನ್ನೊಂದನ್ನೂ ಬರೆದುಕೊಟ್ಟೆ. ಮೊದಲ ಸೋಮವಾರವೇ ನಿನ್ನ ಬಾಟಲಿ ತೆರೆದಾಗ ವಾಸನೆ ಬಂದಿತ್ತು. ನೀನು ಪಾಳಿ ಮುಗಿಸಿ ಬಂದು ನನ್ನ ತಲೆ ಬಾಚುವಾಗ ನಿನ್ನ ಬೆರಳಿಗಿರುತ್ತಿದ್ದ ವಾಸನೆ. ಬೇರೆ ವಾಸನೆ ಬಂದ ಮಾದರಿಯನ್ನು ಷರಾ ಬರೆದು ತಿರಸ್ಕರಿಸಬೇಕು. ನಾನು ಬರೆಯಲಿಲ್ಲ. ಮುಚ್ಚಳ ಮುಚ್ಚಿ, ಮತ್ತೆ ತೆರೆದು, ಇನ್ನೊಮ್ಮೆ ಮೂಸಿದೆ. ಆರು ಸೋಮವಾರವೂ ಹಾಗೇ ಮಾಡಿದೆ. ನಿನ್ನ ಪೋಸ್ಟ್ ಮೇಡಂ ಮಲಗಿರುವುದರಲ್ಲಿ ನಿನ್ನ ಪಾಲೆಷ್ಟೋ ನನ್ನ ಪಾಲೂ ಅಷ್ಟೇ ಇದೆ.

ಇನ್ನು ಪೆಟ್ಟಿಗೆ ಬರುವುದಿಲ್ಲ, ಅಂದರೆ ಕಾಗದವೂ ಬರುವುದಿಲ್ಲ. ಅದಕ್ಕೆ ಈಗಲೇ ಕೇಳಿಬಿಡುತ್ತೇನೆ. ಅಪ್ಪ ನನ್ನನ್ನು ಕರೆಸಬೇಡ ಎಂದು ನಿಜವಾಗಿ ಹೇಳಿದ್ದರೇ? ಅಪ್ಪ ಹೋದ ಸುದ್ದಿ ತಿಳಿದು ನಾನು ಬಂದ ದಿನ ನೀನು ಬಾಗಿಲಲ್ಲಿ ನಿಂತು ಹಾಗೆಂದೆ. ನಾಲ್ಕು ವರ್ಷದಿಂದ ನನಗೆ ಆ ಒಂದು ಮಾತು ಜೀರ್ಣವಾಗಿಲ್ಲ.

ನಾನು


ಜೂನ್ ೨, ಸೋಮವಾರ

ಮಗಳೇ,

ಪೆಟ್ಟಿಗೆ ಇಲ್ಲದಿದ್ದರೂ ಕಂಡಕ್ಟರ್ ಕಾಗದ ಒಯ್ಯುತ್ತೇನೆ ಎಂದರು. “ಪೆಟ್ಟಿಗೆ ಇಲ್ದೆ ನನ್ನ ಸೀಟೇ ಬಣಬಣ ಅನ್ಸುತ್ತೆ” ಎಂದರು. ಎರಡು ವಾರ ಬರೆಯದೆ ಇದ್ದದ್ದು ಕೋಪಕ್ಕಲ್ಲ, ಧೈರ್ಯ ಸಾಲದೆ.

ಮೊದಲು ಊರಿನ ಸುದ್ದಿ. ನಿಮ್ಮವರು ತೆಗೆದ ನೀರಿನಲ್ಲಿ ಸಾವಿರದ ನೂರ ಎಂಬತ್ತು ಬಂತಲ್ಲ, ಕೆಂಪು ಬಳಪದಲ್ಲಿ ನಾನೇ ಬರೆದೆ. ಬಟ್ಟೆ ಬದಲಿಸುವ ಕೋಣೆಯ ಹಿಂದೆ ಅಗೆದರು. ಪಾಯಿಖಾನೆಯ ಪೈಪು ಒಡೆದು ಮರಳಿನಡಿಯಿಂದ ನೇರ ಸಮುದ್ರಕ್ಕೆ ಹರಿಯುತ್ತಿತ್ತು. ಈಗ ಹೊಸ ಪೈಪು ಹಾಕುತ್ತಿದ್ದಾರೆ.

ಒಂಬತ್ತು ಬಾತುಕೋಳಿಗಳ ಮನೆಗೂ ಹೋಗಿ, ಏನಾಯಿತೆಂದು ನನ್ನ ಬಾಯಿಂದಲೇ ಹೇಳಿ ಕ್ಷಮೆ ಕೇಳಿದೆ. ಒಬ್ಬರು ಬಾಗಿಲು ಹಾಕಿಕೊಂಡರು, ಹಾಕಿಕೊಳ್ಳಲಿ. ಪೋಸ್ಟ್ ಮೇಡಂ ಮನೆಗೆ ಬಂದಿದ್ದಾರೆ, ಗಂಜಿ ಕುಡಿಯುತ್ತಿದ್ದರು. ಎಲ್ಲ ಕೇಳಿ, “ನಂಗೂ ಮೂಗಿತ್ತಲ್ಲ. ವಾಸನೆ ಬರ್ತಿತ್ತು. ನಿನ್ನ ಬೋರ್ಡು ಹಸಿರು ಅಂತ ನನ್ನ ಮೂಗನ್ನೇ ಬೈದುಕೊಂಡೆ” ಎಂದು ನಕ್ಕರು. ನಾನು ಅತ್ತೆ. ಆಗ ಅವರು, “ಇನ್ನೂ ಯಾರಿಗಾದ್ರೂ ಹೇಳೋದು ಬಾಕಿ ಇದ್ಯಾ? ಇದ್ರೆ ಇವತ್ತೇ ಬರಿ. ಕಾಗದ ತಡವಾದ್ರೆ ಬೈಸಿಕೊಳ್ಳೋದು ನಮ್ಮ ಇಲಾಖೆ” ಎಂದರು. ಆ ಪುಣ್ಯಾತ್ಗಿತ್ತಿಯ ಋಣ ನಾನು ಹೇಗೆ ತೀರಿಸಲಿ?

ಇನ್ನು ನೀನು ಕೇಳಿದ್ದು. ತೊಳೆಯದೆ ಕಳಿಸುತ್ತಿದ್ದೇನೆ.

ನಿನ್ನನ್ನು ಕರೆಸಬೇಡ ಎಂದು ನಿನ್ನ ಅಪ್ಪ ಹೇಳಲಿಲ್ಲ. ಅದು ನಾನು ಕಟ್ಟಿದ ಮಾತು. ಅವರು ನಿನ್ನನ್ನು ಮೂರು ಸಲ ಕೇಳಿದರು. ಎದೆಯ ಫೋಟೋ ತೆಗೆಸಿ ಬಂದ ದಿನ ಒಮ್ಮೆ. ನಿನ್ನ ಹಳೆಯ ಸೈಕಲ್ಲಿನ ಗಂಟೆಯನ್ನು ಹಾಸಿಗೆಯಲ್ಲೇ ಕೂತು ರಿಪೇರಿ ಮಾಡಿದಾಗ ಒಮ್ಮೆ. ಕೊನೆಗೆ, ಹೋಗುವ ಹನ್ನೊಂದು ದಿನ ಮುಂಚೆ. “ಇನ್‌ಸ್ಪೆಕ್ಟರ್ ಯಾವಾಗ ಬರ್ತಾಳೆ? ಈ ಮನೆ ತಪಾಸಣೆ ಆಗಿ ಬಹಳ ದಿನ ಆಯ್ತು” ಎಂದರು. ಮೂರು ಸಲವೂ ನಾನು, “ಅವಳ ಪರೀಕ್ಷೆ ಮುಗೀಲಿ” ಎಂದೆ.

ನಿನ್ನ ಓದು ಕೆಡಬಾರದು ಎಂಬುದು ಅರ್ಧ ನಿಜ. ನೀನು ಬಂದು ಅವರನ್ನು ನೋಡಿ ಅತ್ತರೆ, ಅವರು ಸಾಯುವುದು ಖಾತ್ರಿಯಾಗಿಬಿಡುತ್ತದೆ ಎಂದು ನನಗೆ ಹೆದರಿಕೆ. “ಎಲ್ಲ ಕ್ಷೇಮ” ಎಂದು ಬರೆದ ದಿನ ನಾನೂ ಅದನ್ನು ಒಂದೆರಡು ಗಂಟೆ ನಂಬುತ್ತಿದ್ದೆ. ಆಮೇಲೆ ನಿನ್ನ ಮುಖ ನೋಡಿ ಹೇಳುವ ಧೈರ್ಯವಿಲ್ಲದೆ ತಪ್ಪನ್ನು ಸತ್ತವರ ತಲೆಗೆ ಕಟ್ಟಿದೆ.

ಸೈಕಲ್ ಗಂಟೆಯನ್ನು ಈ ಕಾಗದದ ಜೊತೆ ಕಟ್ಟಿದ್ದೇನೆ. ನೀನು ಇನ್ನು ಮಾತಾಡಿಸದಿದ್ದರೂ ಸರಿ, ಅದು ನಿನ್ನ ಕೈ ಸೇರಬೇಕು.

ಅಮ್ಮ


ಜೂನ್ ೧೮, ಬುಧವಾರ

ಅಮ್ಮ,

ಹದಿನೈದು ದಿನ ಬರೆಯಲಾಗಲಿಲ್ಲ. ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ, ಇನ್ನೂ ಕೆಲವು ದಿನ ಇರುತ್ತದೆ. ನಾನೂ ತೊಳೆಯದೆ ಕಳಿಸುತ್ತಿದ್ದೇನೆ.

ಆದರೆ ಕೇಳು. ನಾಲ್ಕು ವರ್ಷ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಅಪ್ಪನಿಗೆ ಕೊನೆಯಲ್ಲಿ ನಾನು ಯಾಕೆ ಬೇಡವಾದೆ? ಹಟಮಾರಿ ಎಂದೇ, ಎಲ್ಲವನ್ನೂ ಪ್ರಶ್ನೆ ಮಾಡುತ್ತೇನೆ ಎಂದೇ? ಅವರು ಪ್ರೀತಿಯಿಂದ ಇಟ್ಟ “ಇನ್‌ಸ್ಪೆಕ್ಟರ್” ಎಂಬ ಹೆಸರು ಕೂಡ ನನಗೆ ಬೈಗುಳದಂತೆ ಕೇಳುತ್ತಿತ್ತು. ನಿನ್ನ ಕಾಗದದಲ್ಲಿ “ಮೂರು ಸಲ” ಎಂದು ಓದಿದ ಮೇಲೆ ಲ್ಯಾಬಿನ ಐಸ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಪ್ಪ ನನ್ನನ್ನು ಕೇಳಿದ್ದರು. ಅದನ್ನು ಹೇಳದೆ ನೀನು ಸುಮ್ಮನಿದ್ದುಬಿಡಬಹುದಿತ್ತು, ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ನಿನ್ನ ಹೆಸರು ಕೆಟ್ಟರೂ ಸರಿ ಎಂದು ನನ್ನ ಅಪ್ಪನನ್ನು ನನಗೆ ವಾಪಸ್ ಕೊಟ್ಟೆ. ನಿನ್ನ ಉಪಕಾರ ಮರೆಯುವುದಿಲ್ಲ ಅಮ್ಮ.

ಗಂಟೆಯನ್ನು ಮೇಜಿನ ಮೇಲಿಟ್ಟಿದ್ದೇನೆ. ಎಲ್ಲರೂ ಹೋಗುವಾಗ ಬರುವಾಗ ಬಾರಿಸುತ್ತಾರೆ.

ಹಿರಿಯ ಮೇಡಂ ತೀರ್ಮಾನ ಮಾಡಿದ್ದಾರೆ. ಬಾಟಲಿ ತೊಳೆಯಬಾರದು ಎಂದು ತರಬೇತಿಯಲ್ಲಿ ಯಾರೂ ಹೇಳದಿದ್ದದ್ದು ನಮ್ಮ ತಪ್ಪು. ಇನ್ನು ಮುಂದೆ ಪ್ರತಿ ಬಾಟಲಿಯ ಮೇಲೂ “ತೊಳೆಯಬೇಡಿ, ಪುಡಿ ಇರಲಿ” ಎಂದು ಚೀಟಿ ಇರುತ್ತದೆ. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿದೆ, ನ್ಯಾಯವಾಗಿಯೇ. ನಿನಗೂ ನನಗೂ ಒಟ್ಟಿಗೆ ಮರುತರಬೇತಿ ಎಂದು ಬರೆದು, ಜಾಗದ ಕಾಲಂನಲ್ಲಿ ನಿನ್ನ ದಂಡೆಯನ್ನೇ ತುಂಬಿದ್ದಾರೆ. ಸೋಮವಾರ ಬೆಳಗ್ಗೆ ಆರಕ್ಕೆ. ನಾನು ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಹಾಸಿಗೆ ಹಾಸಿಡು, ಮನೆ ಮಾತ್ರ ತೊಳೆಯಬೇಡ, ಹೇಗಿದೆಯೋ ಹಾಗೆ ನೋಡಬೇಕು.

ನಿನ್ನ ಇನ್‌ಸ್ಪೆಕ್ಟರ್


ಜೂನ್ ೨೬, ಗುರುವಾರ

ಅಮ್ಮ,

ಸೋಮವಾರದ ಫಲಿತಾಂಶ ಬಂದಿದೆ. ತೊಂಬತ್ತೇಳು ಗುಳಿಗಳಲ್ಲಿ ಎರಡು ಹೊಳೆದವು. ಹಿರಿಯ ಮೇಡಂ ಅವರನ್ನೂ ಕರೆದು ತೋರಿಸಿದೆ. ಜೊತೆಗೆ ತೆಗೆದಿದ್ದ ಎರಡನೆಯ ಬಾಟಲಿಯದೂ ಹಾಗೇ ಬಂತು. ಸಮುದ್ರದ ನೀರನ್ನು ಹತ್ತು ಪಾಲು ತಿಳಿ ಮಾಡಿ ತಟ್ಟೆಗೆ ಹಾಕುತ್ತೇವೆ, ಹಾಗಾಗಿ ಸಂಖ್ಯೆ ಇಪ್ಪತ್ತು. ಪೈಪು ಸರಿಯಾಗಿದೆ. ಪೋಸ್ಟ್ ಮೇಡಂಗೆ ಹೇಳು, ಈ ಸಲದ ಹಸಿರನ್ನು ಅವರ ಮೂಗೂ ಒಪ್ಪುತ್ತದೆ ಎಂದು.

ಬಾಟಲಿ ತೆರೆದಾಗ ಬರೀ ಸಮುದ್ರದ ವಾಸನೆ ಇತ್ತು. ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಭಾನುವಾರ ರಾತ್ರಿ ನೀನು ತಲೆ ಬಾಚಿದೆಯಲ್ಲ, ಇನ್ನು ಬಾಟಲಿಯಲ್ಲಿ ಅದನ್ನು ಹುಡುಕಬೇಕಾಗಿಲ್ಲ.

ಈಗ ಫಾರಂ ವಿಷಯ. ಷರಾ ಕಾಲಂನಲ್ಲಿ ಗಾಳಿ, ಅಲೆ, ಮಳೆ ಬರೆಯಬೇಕು. ನೀನು ಎರಡು ಬೆರಳಿನ ಜಾಗದಲ್ಲಿ ಇರುವೆ ಸಾಲಿನಂತೆ ಹೀಗೆ ಬರೆದಿದ್ದೀಯ: “ಅಲೆ ಸಾಧಾರಣ. ಎಡಗಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕಂತೆ, ಆರು ತಿಂಗಳಿಂದ ಯಾರಿಗೂ ಹೇಳಿಲ್ಲ. ಬಲಮಂಡಿ ನೋವು. ಒಬ್ಬಳಿಗೇ ಊಟ ಸೇರುವುದಿಲ್ಲ. ಮಗಳು ನೀರಿನಲ್ಲಿ ಕೈ ಹಿಡಿದುಕೊಂಡಿದ್ದಳು.” ಹಿರಿಯ ಮೇಡಂ ಅದನ್ನು ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ಸರ್ಕಾರಿ ಕಾಗದ, ಹರಿಯುವ ಹಾಗಿಲ್ಲ, ಕಡತಕ್ಕೆ ಸೇರಿಸಿ ಎಂದರು.

ಕಣ್ಣಿನ ಡಾಕ್ಟರ ಹತ್ತಿರ ಜುಲೈ ಎಂಟಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಏಳನೆಯ ತಾರೀಕು ಸೋಮವಾರ, ಬಾಟಲಿ ತುಂಬಿ ಪೆಟ್ಟಿಗೆಯ ಜೊತೆ ನೀನೂ ಅದೇ ಬಸ್ಸಿಗೆ ಬಾ. ಕಂಡಕ್ಟರಿಗೆ ಹೇಳಿದ್ದೇನೆ. ಪೆಟ್ಟಿಗೆ ಸೀಟಿನ ಕೆಳಗೆ, ನೀನು ಕಿಟಕಿಯ ಪಕ್ಕ.

ನಿನಗೆ ಕಾಗದ ಬರೆಯುವಾಗ ಒಂದು ಸಾಲು ಬರೆಯಬಾರದು ಎಂದು ನಾನೇ ನಿಯಮ ಮಾಡಿಕೊಂಡಿದ್ದೆ. ಇವತ್ತು ಬರೆಯುತ್ತೇನೆ. ಎರಡು ಸಲ ಪರೀಕ್ಷೆ ಮಾಡಿ ನೋಡಿದ್ದೇನೆ ಅಮ್ಮ. ಇಲ್ಲಿ ಎಲ್ಲ ಕ್ಷೇಮ.

ನಿನ್ನ ಮಗಳು